ಅಂಡಮಾನಿಗೆ ಯಾವ ತಿಂಗಳು ಒಳ್ಳೇದು?

ತೊಂಬತ್ತಾರನೇ ಇಸವಿಯ ಮಾತು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತು ಅಮ್ಮನಿಂದ ಬೈಸಿಕೊಳ್ಳುವುದಕ್ಕಿಂತ ಯಾವುದೋ ಒಂದು ಕೆಲಸ ಸಿಕ್ಕರೆ ಸಾಕು ಎಂದು ಹೊಸೂರು ರಸ್ತೆಯ ಒಂದು ಟ್ರಾವೆಲ್ಸ್ ಆಫೀಸಿಗೆ ಸೇರಿಕೊಂಡಿದ್ದೆ. ಎಲೆಕ್ಟ್ರಾನಿಕ್ ಸಿಟಿ ಗೇಟಿಗೆ ಹತ್ತಿರವೇ. ಕೆಳಗೆ ಹಾರ್ಡ್‌ವೇರ್ ಅಂಗಡಿ, ಪಕ್ಕದಲ್ಲಿ ಎಸ್‌ಟಿಡಿ ಬೂತು, ಮೇಲಿನ ಮಹಡಿಯಲ್ಲಿ ನಾವು. ದಿನಾ ಅತ್ತಿಬೆಲೆಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದೆ. ನನ್ನದು ಬಾಯಿ ಬೊಂಬಾಯಿ ಎಂದು ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಆ ಬಾಯಿಗೇ ಸಂಬಳ ಕೊಡುವ ಪುಣ್ಯಾತ್ಮರು ಸಿಕ್ಕಿದ್ದರು, ನಮ್ಮ ಬಸವರಾಜಪ್ಪ ಸಾರ್.

ಸಾರ್ ದಾವಣಗೆರೆ ಕಡೆಯವರು. ಹಣೆಗೆ ವಿಭೂತಿ ಇಟ್ಟುಕೊಂಡೇ ಆಫೀಸಿಗೆ ಬರುತ್ತಿದ್ದರು. ಸೇರಿದ ದಿನವೇ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದರು. "ನೋಡವ್ವ ಶೋಭಾ, ನಾವು ಟಿಕೆಟ್ ಮಾರೋರಲ್ಲ, ಬಿಸಿಲು ಮಾರೋರು. ಮಳಿ ಅನ್ನೋ ಮಾತು ಈ ಆಫೀಸ್ನಾಗ ನಿನ್ನ ಬಾಯಿಂದ ಬರಬಾರದು."

ಆಗಷ್ಟೇ ನಮ್ಮ ಸುತ್ತಮುತ್ತ ಕಂಪನಿಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ತಿರುಪತಿ, ಊಟಿ ಎನ್ನುತ್ತಿದ್ದ ಜನ ಇದ್ದಕ್ಕಿದ್ದಂತೆ ದ್ವೀಪ ಕೇಳಲು ಶುರು ಮಾಡಿದ್ದರು. ನನ್ನ ಮೇಜಿನ ಹಿಂದಿನ ಗೋಡೆಗೆ ಅಂಡಮಾನಿನ ದೊಡ್ಡ ಪೋಸ್ಟರ್ ಅಂಟಿಸಿತ್ತು. ನೀಲಿ ನೀರು, ಬಿಳಿ ಮರಳು, ಬಗ್ಗಿದ ತೆಂಗಿನ ಮರ. ನಾನು ಹುಟ್ಟಿದ ಮೇಲೆ ಸಮುದ್ರ ಅನ್ನುವುದನ್ನೇ ಕಂಡವಳಲ್ಲ. ಆದರೆ ಫೋನ್ ಎತ್ತಿದರೆ ಸಾಕು, ಅಲ್ಲೇ ಹುಟ್ಟಿ ಬೆಳೆದವಳ ಹಾಗೆ ಒದರುತ್ತಿದ್ದೆ. "ಡಿಸೆಂಬರ್‌ನಿಂದ ಫೆಬ್ರವರಿ ಬೆಸ್ಟ್ ಸಾರ್. ಆಕಾಶ ತೊಳೆದಿಟ್ಟ ಹಾಗಿರುತ್ತೆ. ಸಮುದ್ರ ಶಾಂತ. ಎಲ್ಲಾ ದ್ವೀಪಕ್ಕೂ ದೋಣಿ ಓಡುತ್ತೆ." ಬಿಸಿಲಿಗೆ ಗ್ಯಾರಂಟಿ ಕೊಡ್ತೀರಾ ಎಂದು ಒಬ್ಬ ಇಂಜಿನಿಯರು ಕೇಳಿದಾಗ, "ಸೂರ್ಯ ನಮ್ಮ ಸೋದರಮಾವ ಸಾರ್, ಒಂದು ಮಾತು ಹೇಳಿಡ್ತೀನಿ" ಎಂದಿದ್ದೆ. ಒಳಗಿನ ಕೋಣೆಯಲ್ಲಿ ಸಾರ್ ನಕ್ಕಿದ್ದು ನನಗೆ ಕೇಳಿಸಿತ್ತು.

ಗೌರಿ ಹಬ್ಬ ಮುಗಿದ ಮೇಲೆ ಒಂದು ದಿನ ವಯಸ್ಸಾದ ಗಂಡ ಹೆಂಡತಿ ಮೆಟ್ಟಿಲು ಹತ್ತಿ ಬಂದರು. ಬಾಗಿಲ ಹೊರಗೇ ಚಪ್ಪಲಿ ಬಿಟ್ಟರು. ಆಯಪ್ಪ ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಆಯಮ್ಮ ಪೆಟ್ಟಿಗೆಯಿಂದ ತೆಗೆದ ರೇಷ್ಮೆ ಸೀರೆ ಉಟ್ಟಿದ್ದರು, ಮಡಿಕೆಯ ಗೆರೆ ಹಾಗೇ ಇತ್ತು, ನುಸಿಗುಳಿಗೆಯ ವಾಸನೆ ಗಮ್ಮೆನ್ನುತ್ತಿತ್ತು. ಸರ್ಜಾಪುರಕ್ಕೂ ಆನೇಕಲ್ಲಿಗೂ ನಡುವಿನ ಒಂದು ಹಳ್ಳಿಯವರು. ಹೆಸರು ಮುನಿರಾಜಪ್ಪ, ನಂಜಮ್ಮ.

"ಅಂಡಮಾನಿಗೆ ಕಳಿಸ್ತೀರಂತಲ್ಲವ್ವ?" ಎಂದು ನಂಜಮ್ಮ ಕೇಳಿದರು.

ನನಗೆ ಖುಷಿಯೋ ಖುಷಿ. ನಮ್ಮ ಕಡೆಯ ಜನವೂ ದ್ವೀಪ ನೋಡುವ ಕಾಲ ಬಂತಲ್ಲ ಎಂದುಕೊಂಡೆ. "ಬನ್ನಿ ಅಮ್ಮ, ಕೂತ್ಕೊಳ್ಳಿ. ಮಗ ಕಳಿಸ್ತಿದ್ದಾರಾ?"

ಆಯಮ್ಮನ ಮುಖ ಅರಳಿತು. "ನನ್ ಮಗ ಅಲ್ಲೇ ಅವ್ನೆ ಕಣವ್ವ. ನೋಡ್ಕೊಂಡ್ ಬರಾನ ಅಂತ."

ಮುನಿರಾಜಪ್ಪ ನೆಲ ನೋಡುತ್ತಾ ಕೂತರು. ಮುಂಗೋಪದ ಮುದುಕ ಇರಬೇಕು ಎಂದುಕೊಂಡು ನಾನು ನನ್ನ ಹರಿಕಥೆ ಶುರು ಮಾಡಿದೆ. ನಂಜಮ್ಮ ಒಂದೊಂದು ಮಾತಿಗೂ ತಲೆಯಾಡಿಸಿ ಮತ್ತೆ ಮತ್ತೆ ಕೇಳಿದರು. ಯಾವ ತಿಂಗಳಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ, ದೋಣಿಯಿಂದ ದೂರದ್ದು ಕಾಣಿಸುತ್ತದಾ, ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗಬಹುದಾ. ಅಷ್ಟು ಆಸೆಯಿಂದ ಕೇಳುವ ಗಿರಾಕಿ ನನಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಉಬ್ಬಿ ಹೋಗಿ ಹೇಳಿದೆ, "ನೂರಾರು ದ್ವೀಪ ಇದಾವೆ ಅಮ್ಮ. ಎಷ್ಟೋ ದ್ವೀಪದಲ್ಲಿ ಜನಾನೇ ಇಲ್ಲ. ಬರೀ ಕಾಡು, ತೆಂಗಿನ ಮರ. ಬಿಸಿಲಿನ ತಿಂಗಳಲ್ಲಿ ಹೋದ್ರೆ ಎಲ್ಲಾ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತೆ."

ಆಯಮ್ಮ ಗಂಡನ ಕಡೆ ತಿರುಗಿದರು. "ಕೇಳುಸ್ಕೊಂಡ್ಯಾ? ಜನ ಇಲ್ದಿರೋ ದ್ವೀಪ ಅವಂತೆ. ತೆಂಗಿನ ಮರ ಐತಂತೆ."

ಮುನಿರಾಜಪ್ಪ ಆಗ ತಲೆ ಎತ್ತಿದರು. "ಮಳೆಗಾಲ್ದಲ್ಲಿ ಅಡಗು ಓಗಲ್ವಾ ಅಮ್ಮಯ್ಯ? ಜೇಷ್ಠ ಮಾಸ್ದಲ್ಲಿ?"

ನಾನು ಕಿಸಕ್ಕನೆ ನಕ್ಕೆ. "ಮಳೇಲಿ ಯಾರಾದ್ರೂ ಟೂರ್ ಹೋಗ್ತಾರಾ ಯಜಮಾನ್ರೇ? ಅಲ್ಲಿ ಆಗ ಆಕಾಶವೇ ಕಳಚಿ ಬೀಳುತ್ತಂತೆ."

"ಗೊತ್ತು. ನನಗೆ ಆ ತಿಂಗ್ಳೇ ಬೇಕು."

"ಯಾಕ್ ಬೇಕು ಆ ತಿಂಗ್ಳು? ಬಾಯ್ಬಿಟ್ಟು ಏಳು, ಯಾಕ್ ಬೇಕು ಅಂತ!" ನಂಜಮ್ಮ ಎದ್ದು ನಿಂತುಬಿಟ್ಟರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋಗಿ, ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು ಎಸ್‌ಟಿಡಿ ಬೂತಿನ ಮುಂದಿನ ಕಲ್ಲಿನ ಮೇಲೆ ಕೂತರು. ಕಿಟಕಿಯಿಂದ ನನಗೆ ಕಾಣುತ್ತಿತ್ತು.

ಆಗ ಮುನಿರಾಜಪ್ಪ ಹೇಳಿದರು. ಅವರ ಜಮೀನು ಫ್ಯಾಕ್ಟರಿಗಳಿಗೆ ಹೋದ ಮೇಲೆ ಒಬ್ಬನೇ ಮಗ ಮಂಜ ಬೊಮ್ಮಸಂದ್ರದಲ್ಲಿ ವೆಲ್ಡಿಂಗ್ ಕಲಿತ. ಒಬ್ಬ ಕಂಟ್ರ್ಯಾಕ್ಟರು ದೋಣಿ ನಿಲ್ಲುವ ಕಟ್ಟೆಯ ರಿಪೇರಿಗೆಂದು ಅವನನ್ನೂ ಇನ್ನಷ್ಟು ಜನರನ್ನೂ ಅಂಡಮಾನಿಗೆ ಕರೆದುಕೊಂಡು ಹೋದ. ಮೂರ್ನಾಲ್ಕು ತಿಂಗಳ ಹಿಂದೆ, ಮಳೆ ಹಿಡಿದ ಹೊಸತರಲ್ಲಿ, ಕೆಲಸದವರು ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುತ್ತಿದ್ದಾಗ ದೋಣಿ ಮಗುಚಿತು. ಕೆಲವರು ಈಜಿಕೊಂಡು ದಡ ಸೇರಿದರು. ಕೆಲವರ ಹೆಣ ಸಿಕ್ಕಿತು. ಮಂಜ ಸಿಗಲಿಲ್ಲ. ಊರಿನ ಅಂಗಡಿಯ ಫೋನಿಗೆ ಸುದ್ದಿ ಬಂತು, ಅಷ್ಟೇ.

ನನ್ನ ಕೈಯಲ್ಲಿ ಬಣ್ಣಬಣ್ಣದ ಟೂರ್ ಪತ್ರಿಕೆ ಇತ್ತು. ಅದನ್ನು ಎಲ್ಲಿ ಬಚ್ಚಿಡಲಿ ಅನ್ನಿಸಿತು.

ನಮ್ಮ ಕಡೆ ಗೊತ್ತಲ್ಲ, ಮಣ್ಣು ಮಾಡಿದ ಮೂರನೇ ದಿನ, ಹೂತ ಜಾಗದ ಗುಡ್ಡೆಯ ಮೇಲೆ ಹಾಲುತುಪ್ಪ ಬಿಡುತ್ತಾರೆ. ಬಿಡದಿದ್ದರೆ ಹೋದ ಜೀವ ಬಾಯಾರಿ ಅಲೆಯುತ್ತದೆ ಎನ್ನುತ್ತಾರೆ. "ನನ್ ಮಗನಿಗೆ ಗುಡ್ಡೇನೇ ಇಲ್ವಲ್ಲಮ್ಮ. ಎಲ್ಲಿ ಬಿಡ್ಲಿ?" ಎಂದರು ಮುನಿರಾಜಪ್ಪ. ಊರಿನ ಹಿರಿಯರು, ಅವನು ಹೋದ ತಿಂಗಳು ಬಂದಾಗ ನೀರು ಎಳೆದುಕೊಂಡ ಜಾಗಕ್ಕೇ ಹೋಗಿ ಬಿಟ್ಟು ಬಾ ಎಂದಿದ್ದರಂತೆ. ಅದಕ್ಕೇ ಆ ಜ್ಯೇಷ್ಠ ಮಾಸ. ಆದರೆ ನಂಜಮ್ಮ ಒಪ್ಪಬೇಕಲ್ಲ. ಬದುಕಿರುವ ಮಗನಿಗೆ ಹಾಲುತುಪ್ಪ ಬಿಡ್ತೀಯಾ, ನೀನು ತಂದೆಯಾ ಎಂದು ಎಗರಿ ಬೀಳುತ್ತಾರಂತೆ. ಅವನು ಈಜುಗಾರ, ಯಾವುದೋ ದ್ವೀಪ ಹತ್ತಿಕೊಂಡಿದ್ದಾನೆ, ಬಿಸಿಲು ಬಿದ್ದು ದೋಣಿ ಓಡುವ ಕಾಲದಲ್ಲಿ ಹುಡುಕಿದರೆ ಸಿಗುತ್ತಾನೆ ಎಂದು ಆಯಮ್ಮನ ಹಟ.

"ಸಾವಾದ ಮನೇಲಿ ವರ್ಷ ತುಂಬೋಗಂಟ ಅಬ್ಬ ಮಾಡಂಗಿಲ್ಲ. ಇವ್ಳು ಮೊನ್ನೆ ಗೌರಿ ಅಬ್ಬ ಮಾಡುದ್ಲು. ಒಬ್ಬಟ್ಟು ಮಾಡಿ ಅವನ್ಗೂ ಎಲೆ ಆಕುದ್ಲು. ನಾನು ಉಣ್ಣಕಾಗ್ದೆ ಎದ್ದೋದೆ. ಊರೋರೆಲ್ಲ ಬಾಯಿಗ್ ಬಂದಂಗೆ ಮಾತಾಡ್ತವ್ರೆ." ಟವೆಲಿನಿಂದ ಮುಖ ಒರೆಸಿಕೊಂಡರು. "ಅತ್ತುಬಿಟ್ರೆ ಇಬ್ರೂ ಒಟ್ಗೆ ಅತ್ತು ಅಗುರಾಗ್ಬೋದು. ಅವ್ಳು ಅಳಕೇ ಬಿಡಾಕಿಲ್ಲ."

ನಾನು ಎದ್ದೆ. ಒಳಗೆ ಹೋಗಿ ಸಾರ್‌ಗೆ ಹೇಳಿದೆ. ಅವರು ಹೊರಗೆ ಬಂದು ಮುನಿರಾಜಪ್ಪನ ಪಕ್ಕದ ಕುರ್ಚಿಯಲ್ಲೇ ಕೂತರು. "ಯಜಮಾನ್ರ, ಮಳಿಗಾಲದಾಗ ನಿಮ್ಮನ್ನ ಆ ಸಮುದ್ರಕ್ಕ ಕಳಿಸಿ ನಾನು ಇಲ್ಲಿ ಊಟ ಮಾಡಂಗಿಲ್ಲ. ಸಂಕ್ರಾಂತಿ ಆದ ಮ್ಯಾಲೆ ನಮ್ಮದೊಂದು ಗುಂಪು ಹೊಂಟೈತಿ. ಅದರಾಗ ಹೋಗಿ ಬರ್ರಿ. ಆ ಜಾಗಕ್ಕ ಕರಕೊಂಡು ಹೋಗಾಕ ನಮ್ಮ ಮನುಷ್ಯಗ ನಾನು ಹೇಳ್ತೀನಿ" ಎಂದರು.

ಮುನಿರಾಜಪ್ಪ ಯೋಚಿಸಿ ಒಪ್ಪಿದರು. ತಿಂಗಳು ತಪ್ಪಿದರೂ ಜಾಗ ತಪ್ಪಬಾರದು ಎಂದರು. ನಾನು ಕೆಳಗೆ ಹೋಗಿ ನಂಜಮ್ಮನಿಗೆ, ಬಿಸಿಲಿನ ತಿಂಗಳಲ್ಲೇ ಹೋಗ್ತಿದ್ದೀರಿ ಅಮ್ಮ ಎಂದೆ. ಆಯಮ್ಮ ನನ್ನ ಎರಡೂ ಕೆನ್ನೆ ಸವರಿ ನೆಟಿಕೆ ಮುರಿದರು. ಯಾರೂ ನನಗೆ ಹಾಗೆ ದೃಷ್ಟಿ ತೆಗೆದಿರಲಿಲ್ಲ. ನನಗೆ ಅಳು ಬಂದುಬಿಟ್ಟಿತು.

ಸಂಕ್ರಾಂತಿ ಕಳೆದು ಮದ್ರಾಸಿಗೆ ಹೋಗುವ ಬಸ್ಸು ನಮ್ಮ ಆಫೀಸಿನ ಮುಂದಿನಿಂದಲೇ ಹೊರಟಿತು. ಅಲ್ಲಿಂದ ಮುಂದಕ್ಕೆ ಹಡಗು. ಬಸ್ಸಿನ ತುಂಬ ಕಂಪನಿಗಳ ಹುಡುಗರು, ಹೊಸದಾಗಿ ಮದುವೆಯಾದ ಜೋಡಿಗಳು. ಜನವರಿ ಚಳಿಯಲ್ಲೂ ಕಪ್ಪು ಕನ್ನಡಕ, ಹುಲ್ಲಿನ ಟೋಪಿ ಹಾಕಿಕೊಂಡು ಕೇಕೆ ಹಾಕುತ್ತಿದ್ದರು. ಅವರ ನಡುವೆ ಈ ಇಬ್ಬರು. ನಂಜಮ್ಮನ ಮಡಿಲಲ್ಲಿ ಒಂದು ಗಂಟು. ಏನಮ್ಮ ಅದು ಎಂದು ಕೇಳಿದೆ. "ಮಂಜನ ಪ್ಯಾಂಟು ಶರ್ಟು ಕಣವ್ವ. ಅಲ್ಲಿ ಏನ್ ಅರ್ಕಲು ಆಕೊಂಡವ್ನೋ. ಎಳ್ಳುಬೆಲ್ಲಾನೂ ಮಡ್ಗಿವ್ನಿ. ಈ ಸಲ ಅವನ ಬಾಯ್ಗೆ ಬಿದ್ದಿಲ್ವಲ್ಲ" ಎಂದರು. ಮುನಿರಾಜಪ್ಪನ ಚೀಲದಲ್ಲಿ ಬಾಯಿ ಕಟ್ಟಿದ ಹಿತ್ತಾಳೆ ಚೊಂಬು. ಹೆಂಡತಿಗೆ ಕೇಳಿಸದ ಹಾಗೆ ನನ್ನ ಕಿವಿಯ ಹತ್ತಿರ ಬಾಗಿ, "ತುಪ್ಪ ತಗೊಂಡಿವ್ನಿ ಅಮ್ಮಯ್ಯ. ಆಲು ಅಲ್ಲಿ ಸಿಕ್ತದಾ?" ಎಂದು ಕೇಳಿದರು.

"ಸಿಗುತ್ತೆ ಯಜಮಾನ್ರೇ" ಎಂದೆ. ಸಿಗುತ್ತದೋ ಇಲ್ಲವೋ ನನಗೇನು ಗೊತ್ತು!

ಬಸ್ಸು ಹೋದ ಮೇಲೆ ದೇವರಲ್ಲಿ ಏನು ಬೇಡಿಕೊಳ್ಳಬೇಕೋ ತಿಳಿಯದೆ ಸುಮ್ಮನೆ ರಸ್ತೆಯಲ್ಲಿ ನಿಂತಿದ್ದೆ. ಗಂಟು ಗೆಲ್ಲಲಿ ಎಂದು ಬೇಡಲು ಧೈರ್ಯವಿರಲಿಲ್ಲ. ಚೊಂಬು ಗೆಲ್ಲಲಿ ಎಂದು ಬೇಡಲು ನಾಲಿಗೆ ಬರಲಿಲ್ಲ.

ಟೂರಿಗೆ ಹೋದವರೆಲ್ಲ ಸುಟ್ಟು ಕಪ್ಪಾಗಿ ಬಂದರು. "ಸಕ್ಕತ್ ವೆದರ್ ಮೇಡಂ! ಒಂದು ಮೋಡ ಇರ್ಲಿಲ್ಲ" ಎಂದು ನಮ್ಮ ಆಫೀಸಿಗೆ ಸಿಹಿ ತಂದುಕೊಟ್ಟರು. ಅದಾಗಿ ಕೆಲವು ದಿನದ ಮೇಲೆ ನಂಜಮ್ಮ ಒಬ್ಬರೇ ಬಂದರು. ನೂಲಿನ ಸೀರೆ. ಸೆರಗಿನಲ್ಲಿ ನನಗೆಂದು ಅವರೆಕಾಯಿ ಕಟ್ಟಿಕೊಂಡು ಬಂದಿದ್ದರು. ಅದನ್ನು ಮೇಜಿನ ಮೇಲೆ ಸುರಿದು ಕೂತರು.

"ಬಿಸ್ಲು ಚೆನ್ನಾಗಿತ್ತು ಕಣವ್ವ. ನೀನು ಏಳಿದಂಗೇ ಇತ್ತು."

ಮೇಜಿನಿಂದ ಉರುಳಿದ ಅವರೆಕಾಯಿಯನ್ನು ನಾನು ಆರಿಸಿಟ್ಟೆ.

"ಸಮುದ್ರ ಅಂದ್ರೆ ನಮ್ಮೂರ ಕೆರೆ ತರ, ಒಂಚೂರು ದೊಡ್ಡದಿರ್ತದೆ ಅಂದ್ಕೊಂಡಿದ್ದೆ. ಅಡಗಲ್ಲಿ ಮಲಗಿದ್ದು ಎದ್ರೂ ನೀರು, ಉಂಡು ಎದ್ರೂ ನೀರು. ದಡ ಅನ್ನೋದೇ ಇಲ್ಲ. ಅಲ್ಲೇ ನನಗೆ ಗೊತ್ತಾಗೋಯ್ತು. ಇಷ್ಟು ನೀರಿಗೆ ನನ್ ಮಗ ಯಾವ ಲೆಕ್ಕ?" ಆಯಮ್ಮನ ಕಣ್ಣಲ್ಲಿ ಹನಿ ನೀರಿರಲಿಲ್ಲ. "ದೋಣಿ ಮಗುಚಿದ ಜಾಗಕ್ಕೆ ಕರ್ಕೊಂಡೋದ್ರು. ನಾನೇ ಬಿಟ್ಟೆ ಆಲುತುಪ್ಪ. ಎಳ್ಳುಬೆಲ್ಲಾನೂ ಅಲ್ಲೇ ನೀರಿಗೆ ಆಕ್ದೆ."

"ಯಜಮಾನ್ರು?"

"ಚೊಂಬು ಇಡ್ಕೊಂಡು ನಿಂತಿದ್ರು. ಬಿಡ್ರಿ ಅಂದ್ರೆ ಬಿಡಾಕಿಲ್ಲ. ಸುತ್ತಾ ನೋಡ್ತವ್ರೆ. ಆ ಬಿಸ್ಲಲ್ಲಿ ಎಲ್ಲಾ ಕಾಣ್ತಿತ್ತಲ್ಲವ್ವ, ಅಲ್ಲೊಂದು ದ್ವೀಪ, ಇಲ್ಲೊಂದು ದ್ವೀಪ. ಒಂದೊಂದು ಮರಾನೂ ಕಾಣ್ತಿತ್ತು. ಅಲ್ನೋಡು ತೆಂಗಿನ ಮರ, ಎಳನೀರು ಕುಡ್ಕೊಂಡು ಬದುಕ್ಬೋದು, ಅವನು ಈಜುಗಾರ ಅಂತ ಸುರು ಮಾಡಿದ್ರು. ನನ್ ಮಾತ್ನೇ ನನಗೆ ಏಳ್ತವ್ರೆ! ಕೈಯಿಂದ ಚೊಂಬು ಕಿತ್ಕೊಂಡು ನಾನು ಬಿಟ್ರೆ ನನ್ನ ಒಡಿಯಕ್ಕೆ ಬಂದ್ರು. ಮೂವತ್ತೈದು ವರ್ಷ್ದಲ್ಲಿ ಕೈ ಎತ್ತಿದೋರಲ್ಲ."

ಅವರೆಕಾಯಿಯನ್ನು ಕೈಯಿಂದ ಅತ್ತಿತ್ತ ಮಾಡುತ್ತಾ, "ಮಳೆ ಇದ್ದಿದ್ರೆ ಏನೂ ಕಾಣ್ತಿರ್ಲಿಲ್ಲ ಅಲ್ವೇನವ್ವ?" ಎಂದರು.

ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ. ಸುಮ್ಮನೆ ಕೇಳಿದರು, ಮಳೆಯಿದ್ದರೆ ಬಟ್ಟೆ ಒಣಗುತ್ತಿರಲಿಲ್ಲ ಅಲ್ಲವಾ ಎಂದು ಕೇಳಿದ ಹಾಗೆ. ನನ್ನ ಹಿಂದೆ ಆ ಪೋಸ್ಟರ್ ಇತ್ತು. ಅವರಿಗೆ ಕಾಣದಿರಲಿ ಎಂದು ಕುರ್ಚಿ ಸರಿಸಿಕೊಂಡು ಅಡ್ಡ ಕೂತೆ. ಅಷ್ಟು ಅಗಲದ ಪೋಸ್ಟರಿಗೆ ನಾನೊಬ್ಬಳು ಎಷ್ಟು ಅಡ್ಡವಾದೇನು?

ಜ್ಯೇಷ್ಠ ಮಾಸ ಬಂದಾಗ ನಂಜಮ್ಮ ಮನೆಯಲ್ಲೇ ವರ್ಷದ ತಿಥಿ ಮಾಡಿದರು. ಊರೆಲ್ಲ ಬಂದು ಉಂಡಿತಂತೆ. ಮುನಿರಾಜಪ್ಪ ಮಾತ್ರ ಆ ದಿನ ಬೆಳಗಾಗುತ್ತಲೇ ಮನೆ ಬಿಟ್ಟು ಆನೇಕಲ್ ಬಸ್ ಸ್ಟ್ಯಾಂಡಿನಲ್ಲಿ ಹೋಗಿ ಕೂತಿದ್ದರಂತೆ. ಮುಂಚೆ ಆಯಮ್ಮ ಅಳುವುದಕ್ಕೆ ಬಿಡುತ್ತಿರಲಿಲ್ಲ. ಈಗ ಆಯಪ್ಪ. ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಕೂತು ಅತ್ತಿದ್ದು ಒಂದು ದಿನವೂ ಇಲ್ಲ.

ದಸರಾ ಮುಗಿಯುತ್ತಲೇ ಮುನಿರಾಜಪ್ಪ ನಮ್ಮ ಆಫೀಸಿಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಅದೇ ಕುರ್ಚಿಯಲ್ಲಿ ಕೂತು, "ಅಮ್ಮಯ್ಯ, ಈ ಸಲ ಯಾವ ತಿಂಗ್ಳಲ್ಲಿ ಬಿಸ್ಲು ಚೆನ್ನಾಗಿರ್ತದೆ?" ಎಂದು ಕೇಳಿದರು. ಸಾರ್ ಬುದ್ಧಿ ಹೇಳಿ ನೋಡಿದರು. ಕೇಳಲಿಲ್ಲ. ಆ ಜನವರಿಯಲ್ಲಿ ಒಬ್ಬರೇ ಹೋಗಿ ಬಂದರು. ಬಂದವರು ಮೊದಲು ಆಫೀಸಿಗೇ ಬಂದು, ಕಾಯಿಲೆಯವರ ಕಣ್ಣಿನ ಹಾಗೆ ಹೊಳೆಯುವ ಕಣ್ಣಿನಲ್ಲಿ, "ಆಚೆ ಕಡೆಯವೆಲ್ಲ ಇನ್ನಾ ನೋಡಿಲ್ಲ ಅಮ್ಮಯ್ಯ. ಭಾಳ ಅವೆ" ಎಂದರು. ದೋಣಿಯವರು ಇವರ ಕಾಟ ತಡೆಯಲಾಗದೆ ಬೈದು ಇಳಿಸಿದ್ದರಂತೆ. ಅದನ್ನೂ ನಗುತ್ತಾ ಹೇಳಿದರು. ಆ ನಗು ನೋಡಲಾಗುತ್ತಿರಲಿಲ್ಲ.

ಅದರ ಮುಂದಿನ ವರ್ಷ ಅವರಿಗಿಂತ ಮೊದಲು ನಂಜಮ್ಮ ಬಂದರು. ಆಯಪ್ಪನಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ನೋವು, ದೂರದ ಪ್ರಯಾಣ ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದರಂತೆ. "ನಿನ್ನತ್ರ ಬತ್ತಾರೆ ಕಣವ್ವ. ನಿನ್ ಮಾತು ಕೇಳ್ತಾರೆ. ಕಳಿಸ್ಬ್ಯಾಡ. ಮಗನ್ನ ಕೊಟ್ಟಿವ್ನಿ, ಇವ್ರನ್ನೂ ಆ ನೀರಿಗೆ ಕೊಡಕಾಗಲ್ಲ" ಎಂದು ನನ್ನ ಕೈ ಹಿಡಿದುಕೊಂಡರು.

ಮುನಿರಾಜಪ್ಪ ಬಂದೇ ಬಂದರು. ಮೆಟ್ಟಿಲು ಹತ್ತುವ ಸದ್ದಿನಲ್ಲೇ ಗೊತ್ತಾಯಿತು. ನಾಲ್ಕು ಮೆಟ್ಟಿಲು ಹತ್ತುವುದು, ನಿಲ್ಲುವುದು. ಕೂತು ಉಸಿರು ಹಿಡಿದುಕೊಂಡು ಅದೇ ಪ್ರಶ್ನೆ ಕೇಳಿದರು.

ನಾನು ಎಲ್ಲವನ್ನೂ ತಯಾರಿ ಮಾಡಿಕೊಂಡಿದ್ದೆ. "ಈ ವರ್ಷ ಅಲ್ಲಿ ಬಿಸಿಲೇ ಇಲ್ಲ ಯಜಮಾನ್ರೇ. ಮಳೆ ನಿಂತೇ ಇಲ್ಲವಂತೆ. ದೋಣಿ ಬಿಡ್ತಿಲ್ಲ. ನಮ್ಮ ಟೂರೂ ಕ್ಯಾನ್ಸಲ್" ಎಂದೆ. ಆ ಆಫೀಸಿನಲ್ಲಿ ಮಳೆ ಇದೆ ಎಂದು ನಾನು ಹೇಳಿದ್ದು ಅದೇ ಮೊದಲು. ಒಳಗಿದ್ದ ಸಾರ್‌ಗೂ ಕೇಳಿಸಿರಬೇಕು. ಅವರು ಹೊರಗೆ ಬರಲಿಲ್ಲ.

ಮುನಿರಾಜಪ್ಪ ನನ್ನ ತಲೆಯ ಮೇಲಿಂದ ಪೋಸ್ಟರನ್ನು ನೋಡಿದರು.

"ಪೂರಾ ಮಳೇನಾ ಅಮ್ಮಯ್ಯ?"

"ಪೂರಾ ಯಜಮಾನ್ರೇ."

ಸದ್ಯ, ನಂಬಿದರು ಎಂದು ನನಗೆ ಉಸಿರು ಬಂದ ಹಾಗಾಯಿತು. ಅವರು ಟವೆಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿ ಹೆಗಲಿಗೆ ಹಾಕಿಕೊಂಡರು. ಆಮೇಲೆ ತಮ್ಮಷ್ಟಕ್ಕೇ ಹೇಳಿಕೊಳ್ಳುವ ಹಾಗೆ, "ಅಯ್ಯೋ ಪಾಪ. ಅಂಗಾದ್ರೆ ನನ್ ಮಗ ಈ ವರ್ಷಾನೂ ನೆನ್ಕೊಂಡೇ ಕೂತಿರ್ತಾನೆ" ಎಂದರು.

ಎದ್ದು ಹೋದರು. ಚಪ್ಪಲಿ ಮೆಟ್ಟಿಕೊಂಡು, ಗೋಡೆ ಹಿಡಿದುಕೊಂಡು ಇಳಿದರು. ಇಲ್ಲ ಯಜಮಾನ್ರೇ, ಸುಳ್ಳು ಹೇಳಿದೆ, ಅಲ್ಲಿ ಒಳ್ಳೇ ಬಿಸಿಲಿದೆ, ನಿಮ್ಮ ಮಗ ನೆನೆಯುತ್ತಿಲ್ಲ ಎಂದು ಕೂಗಬೇಕು ಅನ್ನಿಸಿತು. ಕೂಗಿದ್ದರೆ ಹೊರಟೇ ಬಿಡುತ್ತಿದ್ದರು. ಬಿಸಿಲು ಎಂದರೂ ಅವರಿಗೆ ಉಳಿಗಾಲವಿಲ್ಲ, ಮಳೆ ಎಂದರೂ ಇಲ್ಲ. ನನ್ನ ಹತ್ತಿರ ಮೂರನೆಯ ಮಾತಿರಲಿಲ್ಲ. ಮೇಜಿನ ಮೇಲೆ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ನಾನು ಎತ್ತಲಿಲ್ಲ.

ಮುಂದಿನ ಬಿಸಿಲಿನ ತಿಂಗಳು ಬರುವ ಮೊದಲೇ ಮುನಿರಾಜಪ್ಪ ತೀರಿಕೊಂಡರು. ನಾನೂ ಸಾರೂ ಹೋಗಿದ್ದೆವು. ಅವರಿಗೆ ಗುಡ್ಡೆ ಇತ್ತು. ನಂಜಮ್ಮ ಮೂರನೇ ದಿನ ಅದರ ಮೇಲೆ ಹಾಲುತುಪ್ಪ ಬಿಟ್ಟು, ಪಕ್ಕದ ಬರೀ ನೆಲದ ಮೇಲೂ ಸ್ವಲ್ಪ ಬಿಟ್ಟರು.

ಆಮೇಲೆ ನನಗೆ ಮದುವೆಯಾಯಿತು, ಆ ಕೆಲಸ ಬಿಟ್ಟೆ. ಸಮುದ್ರವನ್ನು ಇವತ್ತಿಗೂ ನೋಡಿಲ್ಲ. ಚಳಿಗಾಲ ಬಂದರೆ ಮಕ್ಕಳು ದ್ವೀಪಕ್ಕೆ ಹೋಗೋಣ ಎನ್ನುತ್ತಾರೆ. "ಯಾವ ತಿಂಗ್ಳು ಬೆಸ್ಟ್ ಅಂತ ಹೇಳಮ್ಮ, ನೀನು ಅದೇ ಕೆಲಸ ಮಾಡ್ತಿದ್ದೆಯಲ್ಲ" ಎಂದು ಮಗಳು ಕೇಳುತ್ತಾಳೆ. ನೀವು ಹೋಗಿ ಬನ್ನಿ ಎಂದು ಅಡುಗೆಮನೆಗೆ ಎದ್ದು ಹೋಗುತ್ತೇನೆ. ಈ ಅನುಭವದಿಂದ ಏನು ಕಲಿತೆ ಎಂದು ಕೇಳಿದರೆ, ಏನೂ ಕಲಿಯಲಿಲ್ಲ. ಕೆಲವು ಸಂಕಟಕ್ಕೆ ಒಳ್ಳೆಯ ತಿಂಗಳು ಅಂತ ಒಂದಿಲ್ಲ, ಅಷ್ಟೇ. ಇಲ್ಲಿ ಮಳೆ ಹಿಡಿದಾಗಲೆಲ್ಲ ಬಾಗಿಲು ತೆಗೆದು, ಯಾಕೆ ನೆನೆಯುತ್ತಾ ಕೂತಿದ್ದೀಯ, ಒಳಗೆ ಬಾರಪ್ಪಾ ಎಂದು ಕರೆಯಬೇಕು ಅನ್ನಿಸುತ್ತದೆ.